ಒಂದು ಹತ್ತಕ್ಕೆ ಬರುತ್ತಿದ್ದ ಲೂನಾ

ಶನಿವಾರ, ೧೪ ಜೂನ್ ೨೦೦೩

ಅಪ್ಪ ನನ್ನನ್ನು ಒಂದು ಮಾತೂ ಕೇಳದೆ ತಮ್ಮ ಲೂನಾ ಮೊಪೆಡ್ ಮಾರಿಬಿಟ್ಟಿದ್ದಾರೆ. ಪಿಎಚ್.ಡಿ. ಪ್ರಬಂಧದ ಮುಂದೆ ಕೂತರೂ ತಲೆಯಲ್ಲಿ ಅದೇ.

ಎಂ.ಎಸ್ಸಿ. ದಿನಗಳು. ಭೌತಶಾಸ್ತ್ರ ವಿಭಾಗದ ತಾರಸಿಯಲ್ಲಿ ತಾರೆಗಳ ರೇಡಿಯೊ ಅಲೆ ಹಿಡಿಯಲು ನಾವೇ ಕಟ್ಟಿದ ಆಂಟೆನಾ, ಕೆಳಗಿನ ಕೋಣೆಯಲ್ಲಿ ಕಾಗದದ ಸುರುಳಿಯ ಮೇಲೆ ಗೆರೆ ಎಳೆಯುವ ಪೆನ್ನು. ಐದು ದಿನ ಮಧ್ಯಾಹ್ನ ಸರಿಯಾಗಿ ಒಂದು ಹತ್ತಕ್ಕೆ ಗೆರೆ ಜಿಗಿಯಿತು. ಹೊಸ ತಾರೆ ಸಿಕ್ಕಿತೆಂದು ಗೆಳತಿ ಸ್ನೇಹಲ್‌ಗೆ ಪೇಢೆ ತಿನ್ನಿಸಿಬಿಟ್ಟೆ. ಅವಳು ಪೇಢೆ ಮುಗಿಸಿ ಕೇಳಿದಳು: ತಾರೆಯಾದರೆ ದಿನದಿಂದ ದಿನಕ್ಕೆ ನಾಲ್ಕು ನಿಮಿಷ ಮುಂಚೆ ಬರಬೇಕಲ್ಲ, ಇದೇಕೆ ಗಡಿಯಾರ ನೋಡಿ ಬರುತ್ತದೆ?

ಆರನೆಯ ದಿನ ಪೆನ್ನು ಜಿಗಿದಾಗ ಕಿಟಕಿಗೆ ಓಡಿದೆವು. ಕೆಳಗೆ ಲೂನಾದ ಮೇಲೆ ಅಪ್ಪ, ಕೈಯಲ್ಲಿ ಡಬ್ಬಿ. "ರೊಟ್ಟಿ ಬಿಸಿ ಅದಾವ, ಮೊದ್ಲ ಉಣ್ಣವಾ." ನಮ್ಮ ಆಂಟೆನಾ ಹಿಡಿದದ್ದು ಲೂನಾ ಇಂಜಿನ್ನಿನ ಕಿಡಿ ಹೊಮ್ಮಿಸುವ ರೇಡಿಯೊ ಅಲೆಯನ್ನು.

ಅದನ್ನು ನಮ್ಮಿಂದ ಕೇಳಿದ ಅಪ್ಪ ಮರುದಿನದಿಂದ ಗೇಟಿನಲ್ಲೇ ಇಂಜಿನ್ ಆರಿಸಿ, ತಳ್ಳಿಕೊಂಡು ಬರತೊಡಗಿದರು. ಗೆರೆ ನೇರವಾಯಿತು.

ಇವತ್ತು ಇಡೀ ದಿನ ಮನೆಯಲ್ಲೇ ಇದ್ದೆ, ಲೂನಾ ಹೋದದ್ದು ಕೇಳಿಸಲೇ ಇಲ್ಲವಲ್ಲ ಎಂದು ಜಗಳ ತೆಗೆದೆ.

"ನೀ ಓದಾಕತ್ತಿದ್ದಿ," ಎಂದರು ಅಪ್ಪ. "ರಸ್ತೇತನಕ ತಳ್ಕೊಂಡ ಹ್ವಾದೆ."