ತಿರುವಿ ನೋಡಿದ ಹಾಳೆ

ಅವ್ವಾ,

ನೀನು ತೀರಿಹೋಗಿ ಮೂರು ವರ್ಷವಾಯಿತು. ಇದ್ದಾಗಲೂ ನಿನಗೆ ಓದಲು ಬರುತ್ತಿರಲಿಲ್ಲ, ಆದರೂ ಬರೆಯುತ್ತಿದ್ದೇನೆ. ನೀನು ದುಡಿದ ಕೌಲ್ ಬಜಾರಿನ ಜೀನ್ಸ್ ಯೂನಿಟ್ಟಿನಿಂದ ಇವತ್ತು ನನ್ನನ್ನೂ ತೆಗೆದರು.

ಮ್ಯಾನೇಜರು ಒಂದು ಹಾಳೆ ಮುಂದಿಟ್ಟು, "ಸುಧಾರಾಣಿ, ಇಲ್ಲಿ ಸೈನ್ ಮಾಡು, ಚೆಕ್ ತಗೊಂಡು ಹೋಗು" ಎಂದ. ಅದರಲ್ಲಿ ನನ್ನ ಹದಿನಾಲ್ಕು ವರ್ಷದ ದುಡಿಮೆಗೆ ಧನ್ಯವಾದ ಹೇಳಿದ್ದರು. ನಾನು ಚೆಕಿಂಗ್ ಟೇಬಲ್ಲಿನವಳಲ್ಲವೇ? "ಉಲ್ಟಾ ಮಾಡಿ ನೋಡ್ಲಾರ್ದ ಯಾವ ಪ್ಯಾಂಟೂ ಪಾಸ್ ಮಾಡಬ್ಯಾಡ" ಎಂದು ಕಲಿಸಿದವಳು ನೀನೇ. ಹಾಳೆಯನ್ನೂ ತಿರುವಿದೆ. ಹಿಂಬದಿಯಲ್ಲಿ ಸಣ್ಣ ಅಕ್ಷರದ ಮೂರು ಸಾಲು: ನಾನಾಗಿಯೇ ಕೆಲಸ ಬಿಟ್ಟಿದ್ದೇನೆ, ಯಾವ ಕೋರ್ಟಿಗೂ ಹೋಗುವುದಿಲ್ಲ, ಈ ವಿಷಯ ಯಾರಿಗೂ ಹೇಳುವುದಿಲ್ಲ.

ಕೆಟ್ಟ ಹೊಲಿಗೆಗೆ ಅಂಟಿಸುವ ಕೆಂಪು ಸ್ಟಿಕ್ಕರುಗಳು ಏಪ್ರನ್ನಿನ ಜೇಬಿನಲ್ಲೇ ಇದ್ದವು. ಸಾಲಿಗೊಂದರಂತೆ ಅಂಟಿಸಿದೆ.

"ಇದು ರಿಪೇರಿಗೆ ಹೋಗ್ಬೇಕ್ರಿ ಸಾರ್. ನಾ ಪಾಸ್ ಮಾಡಂಗಿಲ್ಲ."

"ಸೈನ್ ಮಾಡ್ಲಿಲ್ಲಂದ್ರ ಚೆಕ್ ಇಲ್ಲ ನೋಡು."

"ಇಟ್ಕೋರಿ. ಲೇಬರ್ ಆಫೀಸಿನಾಗ ಸಿಗೋಣು."

ಅವನ ಮುಖ ಕೆಂಪಾಯಿತು. "ನಿಮ್ಮವ್ವ ದೊಡ್ಡಬಸಮ್ಮ ಸುಮ್ನ ಹೆಬ್ಬೆಟ್ಟು ಒತ್ತಿ ಹೋದ್ಲು. ನಿಂದೇನಬೇ ಇಷ್ಟು?"

"ನಮ್ಮವ್ವಗ ಓದಾಕ ಬರ್ತಿರಲಿಲ್ಲ. ನನಗ ಬರತೈತಿ" ಎಂದು ಹಾಳೆ ಮಡಚಿಕೊಂಡು ಎದ್ದು ಬಂದೆ. ಇಡೀ ಲೈನು ಮಿಷಿನ್ ನಿಲ್ಲಿಸಿ ನನ್ನನ್ನೇ ನೋಡುತ್ತಿತ್ತು.

ನಿನ್ನನ್ನು ತೆಗೆದ ದಿನ ನಿನ್ನ ಹಾಳೆಯನ್ನು ಓದಿ ಹೇಳಲು ನಿನ್ನ ಪಕ್ಕ ಕೂತಿದ್ದವಳೂ ನಾನೇ, ಅವ್ವಾ. ಊರಿಗೆ ಹೋಗುವ ಬಾದನಹಟ್ಟಿ ಬಸ್ಸಿಗೆ ಹೊತ್ತಾಯಿತೆಂದು ಮುಂಬದಿಯಷ್ಟೇ ಓದಿ, "ಒತ್ತಬೇ" ಎಂದಿದ್ದೆ.