ಗೆದ್ದರೂ ಬೇಸರ

ಅಪ್ಪಾ,

ನಿನ್ನೆ ಸೀಸನ್ನಿನ ಕೊನೆಯ ಪಂದ್ಯದಲ್ಲಿ ನಮ್ಮ ಫುಟ್‌ಬಾಲ್ ತಂಡ ಗೆದ್ದಿತು. ಊರಿಗೆ ಊರೇ ಬೇಸರದಲ್ಲಿದೆ. ನನಗಂತೂ ಇದರ ತಲೆಬುಡ ತಿಳಿಯುತ್ತಿಲ್ಲ.

ಪ್ರತಿ ಸೀಸನ್ನಿಗೂ ನೀನು ಕಾದಿರಿಸುತ್ತಿದ್ದ ಎರಡು ಸೀಟುಗಳಲ್ಲಿ ನಿನ್ನದನ್ನು ಬಿಟ್ಟು ಇನ್ನೊಂದರಲ್ಲಿ ಕೂತಿದ್ದೆ. ಈರಿ ಸರೋವರದ ಗಾಳಿಗೆ ಕಿವಿ ಮರಗಟ್ಟಿತ್ತು. ನಮ್ಮವರು ಮುಂದಿದ್ದರೂ ಜನ ಎದುರಾಳಿಗಳ ಪರವಾಗಿ ಕೂಗುತ್ತಿದ್ದರು.

"ಸೋಲ್ಲಿ ಬಿಡಮ್ಮ," ಎಂದ ಪಕ್ಕದ ಸೀಟಿನ ಮುದುಕ ಕಾಜ್ಮರ್. "ಕೊನೇ ಸ್ಥಾನದಲ್ಲಿರೋ ತಂಡಕ್ಕೇ ಮುಂದಿನ ಸೀಸನ್ನಿಗೆ ಕಾಲೇಜಿಂದ ಬರೋ ಹೊಸ ಆಟಗಾರರಲ್ಲಿ ಮೊದಲ ಆಯ್ಕೆ ಸಿಗೋದು. ಈಗ ಗೆದ್ದು ಉಪ್ಪಿನಕಾಯಿ ಹಾಕ್ಕೋಬೇಕಾ?"

"ಅಪ್ಪನೂ ಹಂಗೇ ಅಂತಿದ್ರಾ?"

"ಅವನಾ? ಮೈ ಮುರಿದು ಆಡೋ ಹುಡುಗರಿಗೆ ಸೋಲಿ ಅಂತ ಹೆಂಗೋ ಹೇಳೋದು ಅಂತ ನನ್ ಜೊತೆ ಜಗಳಕ್ಕೇ ಬರ್ತಿದ್ದ." ಆಮೇಲೆ ನನ್ನನ್ನೇ ನೋಡಿದ. "ನೀನು ಕೂತಿರೋ ಕಡೆ ಅವನ ಕೋಟು ಇರ್ತಿತ್ತು. ಯಾರಾದ್ರೂ ಕೇಳಿದ್ರೆ, ಮಗಳು ದಾರೀಲಿದ್ದಾಳೆ ಅಂತಿದ್ದ. ಪ್ರತಿ ಪಂದ್ಯಕ್ಕೂ."

ನಾನು ಒಂದು ಪಂದ್ಯಕ್ಕೂ ಬಂದಿರಲಿಲ್ಲ ಅಪ್ಪಾ. ಈಗ ಬಂದರೆ ನೀನಿಲ್ಲ.

ಅಷ್ಟರಲ್ಲಿ ಒಬ್ಬ ಹೆಂಗಸು ಬಂದು ನಿನ್ನ ಸೀಟು ತೋರಿಸಿ, "ಇಲ್ಲಿ ಯಾರಾದ್ರೂ ಇದ್ದಾರಾ?" ಎಂದಳು.

ಆ ಚಳಿಯಲ್ಲಿ ನಾನು ಕೋಟು ಬಿಚ್ಚಿ ಅದರ ಮೇಲಿಟ್ಟೆ.

"ಅಪ್ಪ ದಾರೀಲಿದ್ದಾರೆ," ಎಂದೆ.