ಎದೆಯುರಿ ಎಂದಷ್ಟೇ ಹೇಳಿದ್ದೆ

ದೊಡ್ಡಕ್ಕಾ,

ನಿನಗಲ್ಲದೆ ಇದನ್ನು ಇನ್ಯಾರಿಗೆ ಬರೆಯಲಿ? ಹುಡುಗಿಯರಾಗಿದ್ದಾಗ ಬೆಳಕು ಹರಿಯುವ ಮುಂಚೆ ಚೊಂಬು ಹಿಡಿದು ಜಾಲಿಗಿಡಗಳ ಹಿಂದೆ ಹೋಗುತ್ತಿದ್ದೆವಲ್ಲ, ಅಲ್ಲಿ ನೀನು ಹೊಟ್ಟೆಯ ಸುದ್ದಿಯನ್ನೂ ಹಬ್ಬದ ಸುದ್ದಿಯಷ್ಟೇ ಸಲೀಸಾಗಿ ಮಾತಾಡುತ್ತಿದ್ದೆ. ನೀನು ಜ್ವರದಲ್ಲಿ ತೀರಿಹೋದ ಮೇಲೆ ಅಂಥ ಮಾತಿಗೆ ನನಗೆ ಯಾರೂ ಉಳಿಯಲಿಲ್ಲ. ಊರಿಗೆಲ್ಲ ನಾನು ಟೀಚರಮ್ಮ. ಟೀಚರಮ್ಮನಿಗೆ ಹೊಟ್ಟೆ ಎಂಬುದೊಂದು ಇರುತ್ತದೆಯೇ?

ಮೊದಲು ಶುರುವಾದದ್ದು ಎದೆಯುರಿ. ಮಿರ್ಚಿ ಬಜ್ಜಿ ತಿಂದ ದಿನ ಗಂಟಲವರೆಗೆ ಹುಳಿನೀರು. ಆಮೇಲೆ ಭೇದಿ, ಅದರ ಜೊತೆ ರಕ್ತ... ಇದನ್ನು ಬರೆಯುವಾಗಲೂ ಬಾಗಿಲಿಗೆ ಅಗಳಿ ಹಾಕಿಕೊಂಡಿದ್ದೇನೆ.

ಒಂದು ಬೆಳಿಗ್ಗೆ ಚಿಪ್ಪಗಿರಿ ಕಡೆ ಶಾಲೆಗೆ ಷೇರ್ ಆಟೊದಲ್ಲಿ ಹೊರಟಿದ್ದೆ. ಹೊಟ್ಟೆ ಹಿಂಡತೊಡಗಿತು. ನಿಲ್ಲಿಸಪ್ಪಾ ಎನ್ನಲು ನಾಲಿಗೆ ಏಳಲಿಲ್ಲ. ಎದುರಿಗೆ ನಮ್ಮ ಶಾಲೆಯ ಮಕ್ಕಳ ಅಪ್ಪಂದಿರು ಕೂತಿದ್ದರು. ಸೀರೆ ಕೆಟ್ಟಿತು, ಅಕ್ಕಾ. ಪಕ್ಕದಲ್ಲಿದ್ದ ಕುರಿ ಕಾಯುವ ಮುದುಕಿಗೆ ಗೊತ್ತಾಗಿಹೋಯಿತು. "ಏ ಡ್ರೈವರಪ್ಪಾ, ಆಟೊ ನಿಂದ್ರಸಪ್ಪಾ! ನನಗ ಹೊಟ್ಟಿ ಕೆಟ್ಟೈತಿ, ತಡಿಯಾಕ ಆಗವಲ್ದು!" ಎಂದು ಕೂಗಿ, ತನ್ನ ಕಂಬಳಿಯನ್ನು ನನ್ನ ಸೊಂಟಕ್ಕೆ ಸುತ್ತಿ, ಆಸರೆ ಬೇಕೆಂಬಂತೆ ನನ್ನನ್ನೂ ಎಳೆದುಕೊಂಡು ಇಳಿದಳು. ಗಂಡಸರು ಅವಳನ್ನು ನೋಡಿ ನಕ್ಕರು. ನಾನು ಬಾಯಿ ಬಿಡಲಿಲ್ಲ. ಅವಳ ಹೆಸರನ್ನಾದರೂ ಕೇಳಬಾರದಿತ್ತೇ?

ಆಮೇಲೆ ಶಾಲೆಗೆ ರಜೆ ಹಾಕಿ ಮನೆ ಹಿಡಿದೆ. ನನ್ನ ಯಜಮಾನರು ಆದೋನಿಯ ಡಾಕ್ಟರಮ್ಮನ ಹತ್ತಿರ ಕರೆದೊಯ್ದರು.

"ಏನ್ ತ್ರಾಸಮ್ಮಾ?"

"ಎದಿ ಉರಿತೈತ್ರಿ."

"ಮೋಷನ್ ಸರಿ ಆಗತೈತೇನು?"

ಯಜಮಾನರು ನನ್ನ ಮುಖ ನೋಡಿದರು. "ಅದೆಲ್ಲಾ ಬರೋಬರಿ ಐತ್ರಿ" ಎಂದುಬಿಟ್ಟೆ.

ಕೊಟ್ಟ ಮಾತ್ರೆಗೆ ಎದೆಯುರಿ ತಗ್ಗಿತು, ಉಳಿದದ್ದು ಹೆಚ್ಚಿತು. ಮತ್ತೆ ಹೋದಾಗ ಡಾಕ್ಟರಮ್ಮ ನನ್ನ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದರು, ಯಜಮಾನರನ್ನು ಹೊರಗೆ ಕಳಿಸಿದರು. "ಈಗ ಹೇಳ್ರಿ. ರಕ್ತ ಎಲ್ಲಿಂದ ಹೊಂಟೈತಿ?" ನೆಲ ನೋಡುತ್ತಾ ಹೇಳಿದೆ.

ಕ್ಯಾಮೆರಾ ಹಾಕಿ ನೋಡಿದರು. ದೊಡ್ಡ ಕರುಳಿನಲ್ಲಿ ಬಹಳ ಕಾಲದ ಉರಿಯೂತವಂತೆ. "ಮತ್ತ ಎದಿ ಉರಿ?" ಎಂದು ಕೇಳಿದೆ.

"ಕರುಳಿನ ಬ್ಯಾನಿ ಇದ್ದ ಕೆಲವರಿಗೆ ಅದೂ ಇರತೈತಿ. ಎರಡಕ್ಕೂ ಏನ್ ನಂಟು ಅಂತ ಖಾತ್ರಿ ಹೇಳಾಕ ಬರಂಗಿಲ್ಲ. ಎದಿ ಉರಿ ಇದ್ದೋರಿಗೆಲ್ಲಾ ಕರುಳು ಕೆಟ್ಟೈತಿ ಅಂತನೂ ಅಲ್ಲ. ಆದ್ರ ನೀವು ಮ್ಯಾಲಿಂದಷ್ಟ ಹೇಳಿದ್ರ ಕೆಳಗಿಂದು ನನಗ ಹೆಂಗ್ ತಿಳೀಬೇಕ್ರಿ?"

ಹೊರಗೆ ಬೆಂಚಿನ ಮೇಲೆ ಯಜಮಾನರು ಕೇಳಿದ್ದು ಒಂದೇ ಮಾತು: "ಒಂದ ಮನಿಯಾಗಿದ್ದು ನನಗೂ ಹೇಳಲಿಲ್ಲೇನು?" ಅಲ್ಲಿಯವರೆಗೆ ನನ್ನ ಮೈಯ ಬಗ್ಗೆ ನಾಚಿಕೆಯಿತ್ತು. ಅವತ್ತಿನಿಂದ ನನ್ನ ಬಾಯಿಯ ಬಗ್ಗೆ.

ಔಷಧಿಯಿಂದ ರಕ್ತ ನಿಂತಿದೆ. ಪೂರ್ತಿ ಬಿಟ್ಟುಹೋಗುವ ರೋಗವಲ್ಲ, ಹತೋಟಿಯಲ್ಲಿರುತ್ತದೆ ಅಂದಿದ್ದಾರೆ. ಶಾಲೆಗೆ ಹೋಗುತ್ತಿದ್ದೇನೆ. ಆಟೊದಲ್ಲಿ ಹತ್ತುವ ಪ್ರತಿ ಮುದುಕಿಯ ಮುಖ ನೋಡುತ್ತೇನೆ; ಅವಳು ಸಿಕ್ಕಿಲ್ಲ.

ನಿನಗೆ ತಿಳಿಯದ ಸುದ್ದಿ ಒಂದಿದೆ. ಪತ್ತಿಕೊಂಡದಿಂದ ನಿನ್ನ ಮಗಳು ಸುಜಾತ ಫೋನ್ ಮಾಡಿದ್ದಳು. ಅವಳಿಗೂ ರಕ್ತ ಕಂಡಿತ್ತು. ಮರುದಿನವೇ ಆದೋನಿಗೆ ಕರೆಸಿಕೊಂಡೆ. ಡಾಕ್ಟರಮ್ಮನ ಕೋಣೆಗೆ ಕರೆದಾಗ ಅವಳ ಜೊತೆ ನಾನೂ ಬೆಂಚಿನಿಂದ ಎದ್ದೆ.

"ನೀ ಇಲ್ಲೇ ಕುಂದ್ರು ಚಿಕ್ಕವ್ವಾ, ನಾನ ಹೇಳತೀನಿ" ಎಂದಳು.

ಹೇಳಿದಳು, ಅಕ್ಕಾ. ಎಲ್ಲಿ, ಎಷ್ಟು, ಯಾವಾಗ, ಒಂದನ್ನೂ ಮುಚ್ಚದೆ, ನಿನ್ನದೇ ದನಿಯಲ್ಲಿ. ಅವಳದು ಬರೀ ಮಲದ್ವಾರದ ಬಿರುಕಂತೆ, ಮುಲಾಮಿಗೆ ಮಾಯುತ್ತದೆ. ಆ ದನಿ ಬಾಗಿಲಾಚೆಯ ಬೆಂಚಿನವರೆಗೂ ಕೇಳುತ್ತಿತ್ತು. ಪಾಠ ಹೇಳುವ ನಾನು ಅಲ್ಲಿ ತಲೆ ತಗ್ಗಿಸಿ ಕೇಳುತ್ತಾ ಕೂತಿದ್ದೆ.

ನಿನ್ನ ತಂಗಿ